ಕೂಡದೆ ಹೋದ ಸಭೆ

ಮತ ಹಾಕಿದವನ ಎಡಗೈಯ ತೋರುಬೆರಳಿಗೆ ಹಚ್ಚುವ ಶಾಯಿ ಎಷ್ಟು ಗಟ್ಟಿಯೆಂಬುದು ನಮ್ಮ ಹಳ್ಳಿಯ ಮಕ್ಕಳಿಗೂ ಗೊತ್ತು. ಸಾಬೂನು ಹಾಕಿ ತಿಕ್ಕಿದರೂ ಹೋಗದು, ಹುಳಿ ಹಚ್ಚಿ ತೊಳೆದರೂ ಹೋಗದು; ಉಗುರು ಬೆಳೆದು ಕತ್ತರಿಸಿದಾಗಲೇ ಅದರ ಕೊನೆಯ ಗೆರೆ ಅಳಿಯುವುದು. 1962ರಿಂದ ಮೈಸೂರಿನ ಕಾರ್ಖಾನೆಯೇ ಈ ಶಾಯಿಯನ್ನು ದೇಶಕ್ಕೆಲ್ಲ ಒದಗಿಸುತ್ತ ಬಂದಿದೆ. 1965ರ ಮಾರ್ಚ್ 4ರಂದು ಕೇರಳದ ಜನರು ವಿಧಾನಸಭೆಗೆ ಮತ ಹಾಕಿದರು. ಮಾರ್ಚ್ 24ರಂದು, ಅವರು ಆರಿಸಿದ ಆ ಸಭೆ ಒಂದು ದಿನವೂ ಕೂಡದೆ ವಿಸರ್ಜನೆಯಾಯಿತು. ನಡುವೆ ಇದ್ದುದು ಇಪ್ಪತ್ತು ದಿನ. ಬೆರಳಿನ ಶಾಯಿ ಇನ್ನೂ ಮಾಸಿರಲಿಲ್ಲ.

ಅರುವತ್ತು ವರ್ಷಗಳಿಗೂ ಹಿಂದಿನ ಈ ಸಂಗತಿಯನ್ನು ಈಗ ಕೆದಕುವುದೇತಕ್ಕೆ ಎಂದು ಕೆಲವು ವಾಚಕರು ಕೇಳಬಹುದು. ಪ್ರತಿ ಚುನಾವಣೆಯ ಹೊತ್ತಿಗೆ ಮತದಾರನನ್ನು ಪ್ರಭುವೆಂದು ಕರೆಯುವ ವಾಡಿಕೆ ನಮ್ಮಲ್ಲಿದೆ. ಉಪ್ಪಳದ ಬಸ್ ನಿಲ್ದಾಣದಿಂದ ಮುಳ್ಳೇರಿಯದ ಪೇಟೆಯವರೆಗೆ ಎಲ್ಲ ಪಕ್ಷಗಳ ಭಾಷಣಕಾರರೂ ಈ ಮಾತನ್ನು ಹೇಳುತ್ತಾರೆ. ಆದರೆ ಈ ಪ್ರಭುವಿನ ಅಪ್ಪಣೆಯನ್ನು ಯಾರು ಯಾರು, ಎಷ್ಟು ಸಲ, ಯಾವ ಕಾನೂನಿನ ಬಲದಿಂದ ಬದಿಗೆ ಸರಿಸಿದ್ದಾರೆಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಹಾಗೆ ಸರಿಸಿದವರಲ್ಲಿ ಸರಕಾರಗಳೂ ಇವೆ, ನ್ಯಾಯಾಲಯಗಳೂ ಇವೆ. ದೂರದ ದೇಶಗಳ ಉದಾಹರಣೆಗಳನ್ನು ಹುಡುಕಿಕೊಂಡು ಹೋಗಬೇಕಾದ ಅಗತ್ಯವಿಲ್ಲ. ನಮ್ಮ ಮನೆಯ ಅಂಗಳದಲ್ಲಿಯೇ ಸಾಕಷ್ಟು ಬಿದ್ದಿವೆ.

1965ರಲ್ಲಿ ನಡೆದುದೇನು? ಅದರ ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಿ ಆರ್. ಶಂಕರ್ ಅವರ ಮಂತ್ರಿಮಂಡಲ ಅವಿಶ್ವಾಸ ನಿರ್ಣಯದಲ್ಲಿ ಸೋತಿತು. ಕಾಂಗ್ರೆಸ್ಸಿನದೇ 15 ಮಂದಿ ಶಾಸಕರು ತಿರುಗಿಬಿದ್ದುದು ಅದಕ್ಕೆ ಕಾರಣ. ಸೆಪ್ಟೆಂಬರ್ 10ರಿಂದ ರಾಷ್ಟ್ರಪತಿ ಆಡಳಿತ ಬಂತು. ತಿರುಗಿಬಿದ್ದವರು ಕೇರಳ ಕಾಂಗ್ರೆಸ್ ಕಟ್ಟಿದರು. ಅತ್ತ ಕಮ್ಯೂನಿಸ್ಟ್ ಪಕ್ಷವೂ ಎರಡಾಯಿತು. ಡಿಸೆಂಬರ್ ಕೊನೆಯಲ್ಲಿ ಮಾರ್ಕ್ಸಿಸ್ಟ್ ನಾಯಕರನ್ನು ಭಾರತ ರಕ್ಷಣಾ ನಿಯಮಗಳಡಿ ಸಾಮೂಹಿಕವಾಗಿ ಬಂಧಿಸಲಾಯಿತು. ಹಲವರು ಜೈಲಿನಿಂದಲೇ ನಾಮಪತ್ರ ಸಲ್ಲಿಸಿದರು. ಫಲಿತಾಂಶ ಬಂದಾಗ 133 ಸ್ಥಾನಗಳಲ್ಲಿ ಮಾರ್ಕ್ಸಿಸ್ಟರಿಗೆ 40, ಕಾಂಗ್ರೆಸ್ಸಿಗೆ 36, ಕೇರಳ ಕಾಂಗ್ರೆಸ್ಸಿಗೆ 23, ಸಂಯುಕ್ತ ಸೋಶಲಿಸ್ಟರಿಗೆ 13, ಮುಸ್ಲಿಂ ಲೀಗಿಗೆ 6, ಸಿ.ಪಿ.ಐ.ಗೆ 3, ಪಕ್ಷೇತರರಿಗೆ 12. ಬಹುಮತಕ್ಕೆ ಬೇಕಾದುದು 67. ಯಾರಿಗೂ ಅದು ಇರಲಿಲ್ಲ. ಗೆದ್ದ 40 ಮಂದಿ ಮಾರ್ಕ್ಸಿಸ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಜೈಲಿನೊಳಗಿದ್ದರು.

ರಾಜ್ಯಪಾಲರಾಗಿದ್ದ ವಿ.ವಿ. ಗಿರಿಯವರು ಸ್ಥಿರ ಮಂತ್ರಿಮಂಡಲ ಸಾಧ್ಯವಿಲ್ಲವೆಂದು ದಿಲ್ಲಿಗೆ ವರದಿ ಮಾಡಿದರು. ಲೆಕ್ಕ ನೋಡಿದರೆ ಅವರ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಕಾಂಗ್ರೆಸ್ಸೂ ಕೇರಳ ಕಾಂಗ್ರೆಸ್ಸೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವ ಸ್ಥಿತಿಯಲ್ಲಿರಲಿಲ್ಲ. ಮಾರ್ಕ್ಸಿಸ್ಟರೂ ಸೋಶಲಿಸ್ಟರೂ ಕೂಡಿದರೆ 53 ಮಾತ್ರ. ಇಷ್ಟಾದರೂ, ಸಾಧ್ಯವಿಲ್ಲವೆಂದು ತೀರ್ಮಾನಿಸುವ ಹಕ್ಕು ಯಾರದು ಎಂಬ ಪ್ರಶ್ನೆ ಉಳಿಯುತ್ತದೆ. ರಾಜಭವನದ ಬರವಣಿಗೆಯ ಮೇಜಿನದೋ, ಜನರು ಆರಿಸಿ ಕಳುಹಿಸಿದ ಸಭೆಯದೋ? ಸಭೆ ಕರೆದು, ಸ್ಪೀಕರನನ್ನು ಆರಿಸಿ, ನೋಡಿ, ಆಗದಿದ್ದರೆ ಮನೆಗೆ ಕಳುಹಿಸಬಹುದಿತ್ತು. ಅದಕ್ಕೆ ಒಂದು ವಾರ ಸಾಕಿತ್ತು. ಆಟಕ್ಕೆ ಜನ ಸೇರಿದ್ದಾರೆ, ಚೌಕಿಯಲ್ಲಿ ವೇಷಗಳು ಬಣ್ಣ ಹಚ್ಚಿ ಕಿರೀಟ ಕಟ್ಟಿ ಕುಳಿತಿವೆ, ಅಷ್ಟರಲ್ಲಿ ಭಾಗವತರು ಮಂಗಳ ಹಾಡಿ ರಂಗಸ್ಥಳವನ್ನೇ ಬಿಚ್ಚಿಸಿದರೆ ಹೇಗಾದೀತೋ ಹಾಗಾಯಿತು. ಪಾಲಾ ಕ್ಷೇತ್ರದ ಕೆ.ಎಂ. ಮಾಣಿಯವರು ಮೊದಲು ಗೆದ್ದುದು ಆ ಚುನಾವಣೆಯಲ್ಲಿ. ಸಭೆಯ ಒಳಗೆ ಕಾಲಿಡಲು ಅವರು 1967ರವರೆಗೆ ಕಾಯಬೇಕಾಯಿತು. ಅವರಿಗಾದರೂ ಇನ್ನೊಂದು ಅವಕಾಶ ಬಂತು.

ಆ ಎರಡು ವರ್ಷ ಕೇರಳವನ್ನು ಆಳಿದವರು ರಾಜ್ಯಪಾಲರು ಮತ್ತು ಅಧಿಕಾರಿಗಳು. ರಾಜ್ಯದ ಮುಂಗಡಪತ್ರ ಮಂಜೂರಾದುದು ದಿಲ್ಲಿಯ ಪಾರ್ಲಿಮೆಂಟಿನಲ್ಲಿ. ಅಕ್ಕಿಯ ಅಭಾವ ಮನೆ ಮನೆಯನ್ನು ಕಾಡಿದ ಕಾಲವದು. ರೇಶನ್ ಅಂಗಡಿಯ ಮುಂದೆ ಸಾಲು ನಿಂತವನಿಗೆ ತನ್ನ ಶಾಸಕನನ್ನು ಹಿಡಿದು ಕೇಳುವ ಉಪಾಯವಿರಲಿಲ್ಲ, ಏಕೆಂದರೆ ಶಾಸಕನೇ ಇರಲಿಲ್ಲ. ನಮ್ಮ ಮಟ್ಟಿಗೆ ಇನ್ನೊಂದು ಮಾತಿದೆ. ಮಂಜೇಶ್ವರದ ಮತದಾರರು 1960ರಲ್ಲಿಯೂ 1967ರಲ್ಲಿಯೂ ಕಳ್ಳಿಗೆ ಮಹಾಬಲ ಭಂಡಾರಿಯವರನ್ನು ಆರಿಸಿ ತಿರುವನಂತಪುರಕ್ಕೆ ಕಳುಹಿಸಿದರು. ಈ ನಾಡಿನ ಭಾಷೆಯ, ಗಡಿಯ ಪ್ರಶ್ನೆಯೇ ಆ ಮತಗಳ ಹಿಂದಿದ್ದ ಮುಖ್ಯ ವಿಷಯವೆಂಬುದು ಸರ್ವವಿದಿತ. ನಡುವಿನ 1965ರ ಮತಕ್ಕೆ ಸಭೆಯ ನಡವಳಿಕೆಗಳಲ್ಲಿ ಒಂದು ಪುಟವೂ ಇಲ್ಲ. ಗಡಿ ಪ್ರಶ್ನೆಯನ್ನು ಪರಿಶೀಲಿಸಲು ಮಹಾಜನ ಆಯೋಗ ನೇಮಕವಾದುದು 1966ರ ಅಕ್ಟೋಬರಿನಲ್ಲಿ. ಆಗ ಕೇರಳದಲ್ಲಿ ವಿಧಾನಸಭೆಯೇ ಇರಲಿಲ್ಲ! ಚಂದ್ರಗಿರಿ ಹೊಳೆಯ ಬಡಗುದಿಕ್ಕಿನ ಜನರ ಪರವಾಗಿ ಆ ದಿನ ಸಭೆಯಲ್ಲಿ ಎದ್ದುನಿಂತು ಒಂದು ಮಾತು ಹೇಳುವ ಸ್ಥಾನ ಯಾರಿಗೂ ಇರಲಿಲ್ಲ. ಹೇಳಿದ್ದರೆ ಫಲ ಬೇರೆಯಾಗುತ್ತಿತ್ತೆಂದು ನಾವು ವಾದಿಸುವುದಿಲ್ಲ. 1967ರ ವರದಿಯ ಗತಿಯನ್ನು ಕಂಡವರು ಹಾಗೆ ವಾದಿಸಲಾರರು. ಹೇಳುವ ಹಕ್ಕೇ ಇರಲಿಲ್ಲವೆಂಬುದಷ್ಟೇ ನಮ್ಮ ಆಕ್ಷೇಪ.

ಈ ಅನ್ಯಾಯವನ್ನು ಪ್ರಶ್ನಿಸಿ ಕೇರಳ ಹೈಕೋರ್ಟಿಗೆ ಹೋದವರೂ ಇದ್ದರು. ಕೆ.ಕೆ. ಅಬು ಮೊಕದ್ದಮೆಯೆಂದು ಕಾನೂನು ಪುಸ್ತಕಗಳಲ್ಲಿ ಅದು ಪ್ರಸಿದ್ಧವಾಗಿದೆ. ಒಮ್ಮೆಯೂ ಕೂಡದ ಸಭೆಯನ್ನು ವಿಸರ್ಜಿಸುವುದು ಹೇಗೆಂಬುದು ಅಲ್ಲಿನ ಪ್ರಶ್ನೆ. ಹುಟ್ಟದ ಮಗುವಿಗೆ ಸಾವುಂಟೇ ಎಂದು ಕೇಳಿದಂತೆ. ನ್ಯಾಯಾಲಯ ಅರ್ಜಿಯನ್ನು ಮನ್ನಿಸಲಿಲ್ಲ. ಮೊದಲ ಅಧಿವೇಶನಕ್ಕೆ ಮುನ್ನ ವಿಸರ್ಜಿಸಬಾರದೆಂದು ಸಂವಿಧಾನದಲ್ಲಿ ಎಲ್ಲಿಯೂ ಹೇಳಿಲ್ಲವೆಂದಿತು. ಅಕ್ಷರಕ್ಕೆ ಅಕ್ಷರ ಹಿಡಿದು ನೋಡಿದರೆ ಇದೂ ಸರಿಯೇ. ಚುನಾವಣಾ ಆಯೋಗ ಗೆದ್ದವರ ಹೆಸರುಗಳ ಅಧಿಸೂಚನೆ ಹೊರಡಿಸಿದೊಡನೆ ಸಭೆ ರಚನೆಯಾಯಿತೆಂದು ಜನಪ್ರಾತಿನಿಧ್ಯ ಕಾನೂನಿನ 73ನೆಯ ವಿಧಿ ಹೇಳುತ್ತದೆ. ರಚನೆಯಾದುದನ್ನು ವಿಸರ್ಜಿಸಬಹುದು. ಸಭೆಯ ಐದು ವರ್ಷಗಳ ಲೆಕ್ಕ ಮಾತ್ರ ಮೊದಲ ಅಧಿವೇಶನದ ದಿನದಿಂದ ಆರಂಭವಾಗುತ್ತದೆಂದು ಸಂವಿಧಾನದ 172ನೆಯ ವಿಧಿ ಹೇಳುತ್ತದೆ. ಆ ಮೊದಲ ಅಧಿವೇಶನವನ್ನು ಇಂತಿಷ್ಟು ದಿನಗಳೊಳಗೆ ಕರೆಯಲೇಬೇಕೆಂಬ ಮಾತು ಅಲ್ಲಿಲ್ಲ. ಸಂವಿಧಾನ ಬರೆದವರಿಗೆ ಇದು ಹೊಳೆದಿರಲಿಕ್ಕಿಲ್ಲ. ಮನೆ ಕಟ್ಟಿದವನು ಒಳಗೆ ಹೋಗದೆ ಇರುತ್ತಾನೆಂದು ಯಾವ ಮೇಸ್ತ್ರಿ ಯೋಚಿಸುತ್ತಾನೆ?

ಅಲ್ಲಿಗೆ ಆರು ವರ್ಷ ಮುಂಚೆ, 1959ರ ಜುಲೈ 31ರಂದು ನಂಬೂದಿರಿಪಾಡರ ಮಂತ್ರಿಮಂಡಲವನ್ನು ಕಿತ್ತೆಸೆದ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ವಿವರಿಸಲು ಹೋಗುವುದಿಲ್ಲ. ಬೀದಿಯಲ್ಲಿ ವಿಮೋಚನಾ ಸಮರ ನಡೆದಿತ್ತು, ಗೋಲೀಬಾರು ಆಗಿತ್ತು, ಜನರು ಬೇಸತ್ತಿದ್ದರು ಎಂದು ಸಮರ್ಥನೆ ಹೇಳುವವರಿದ್ದಾರೆ. 1960ರ ಚುನಾವಣೆಯಲ್ಲಿ ಕಮ್ಯೂನಿಸ್ಟರ ಸ್ಥಾನಗಳು 60ರಿಂದ 29ಕ್ಕೆ ಇಳಿದುದನ್ನೂ ಅವರು ತೋರಿಸುತ್ತಾರೆ. ಆದರೆ ಅದೇ ಚುನಾವಣೆಯಲ್ಲಿ ಅವರ ಮತಪ್ರಮಾಣ ಶೇಕಡಾ 35ರಿಂದ 39ರ ಹತ್ತಿರಕ್ಕೆ ಏರಿತ್ತು ಎಂಬುದನ್ನು ಹೇಳುವುದಿಲ್ಲ. ಮಂಜೇಶ್ವರದ ಕಥೆ ಇನ್ನೂ ವಿಚಿತ್ರ. 1957ರಲ್ಲಿ ಇಲ್ಲಿಂದ ಎಂ. ಉಮೇಶ ರಾಯರು ಪಕ್ಷೇತರರಾಗಿ ಅವಿರೋಧವಾಗಿ ಆರಿಸಿ ಬಂದಿದ್ದರು. ಒಬ್ಬನೇ ಒಬ್ಬ ಎದುರಾಳಿಯಿಲ್ಲದೆ ಊರು ಒಪ್ಪಿ ಕಳುಹಿಸಿದ ಪ್ರತಿನಿಧಿಯ ಸ್ಥಾನವೂ ತಿರುವನಂತಪುರದ ಜಗಳದಲ್ಲಿ ಎರಡೇ ಚಿಲ್ಲರೆ ವರ್ಷಗಳಿಗೆ ಹೋಯಿತು. ಇನ್ನೊಬ್ಬರ ಜಗಳದಲ್ಲಿ ನಮ್ಮ ಗುಡಿಸಲು ಸುಟ್ಟಂತೆ.

ಸಭೆಯನ್ನು ಬೇಗ ಮುಗಿಸುವುದೊಂದೇ ಮತದಾರನಿಗೆ ಮಾಡುವ ದ್ರೋಹವಲ್ಲ. ಮುಗಿಸದೆ ಎಳೆಯುವುದೂ ದ್ರೋಹವೇ. 1957, 1960, 1967ರ ಮೂರು ಸಭೆಗಳಲ್ಲಿ ಒಂದೂ ತನ್ನ ಪೂರ್ಣ ಅವಧಿಯನ್ನು ಕಾಣಲಿಲ್ಲ. 1970ರಲ್ಲಿ ಆರಿಸಿಬಂದ ಸಭೆ ಕಂಡಿತು. ಕಂಡು, ಅಲ್ಲಿಗೆ ನಿಲ್ಲದೆ, ತುರ್ತುಪರಿಸ್ಥಿತಿಯ ಬಲದಿಂದ ಅವಧಿ ವಿಸ್ತರಿಸಿಕೊಂಡು 1977ರ ಮಾರ್ಚ್‌ವರೆಗೆ ಕುಳಿತಿತು. ಐದು ವರ್ಷಕ್ಕೆಂದು ಕೊಟ್ಟ ಮತವನ್ನು ಮತದಾರನ ಒಪ್ಪಿಗೆ ಕೇಳದೆ ಆರು ವರ್ಷ ಮೀರಿ ಬಳಸಿಕೊಂಡರು. ಗೇಣಿ ಚೀಟಿಯ ಅವಧಿ ಮುಗಿದರೂ ಗದ್ದೆ ಬಿಡದ ಒಕ್ಕಲನ್ನು ದೂರುವ ಧಣಿಗಳು ಇದನ್ನು ದೂರಿದ್ದನ್ನು ನಾವು ಕೇಳಲಿಲ್ಲ.

ಒಂದೇ ಪಕ್ಷವನ್ನು ಬೆಟ್ಟು ಮಾಡುವ ಉದ್ದೇಶ ನಮಗಿಲ್ಲ. 1977ರಲ್ಲಿ ಜನತಾ ಸರಕಾರ ಒಂಬತ್ತು ರಾಜ್ಯಗಳ ಕಾಂಗ್ರೆಸ್ ಸರಕಾರಗಳನ್ನು ಮನೆಗೆ ಕಳುಹಿಸಿತು. ಲೋಕಸಭೆಯಲ್ಲಿ ಸೋತವರಿಗೆ ವಿಧಾನಸಭೆಯಲ್ಲೂ ಹಕ್ಕಿಲ್ಲವೆಂಬುದು ಅದರ ವಾದ. ಸುಪ್ರೀಂ ಕೋರ್ಟು ಕೈ ಹಾಕಲಿಲ್ಲ. 1980ರಲ್ಲಿ ಇಂದಿರಾ ಗಾಂಧಿಯವರು ಮರಳಿ ಬಂದಾಗ ಒಂಬತ್ತಕ್ಕೆ ಒಂಬತ್ತು ಲೆಕ್ಕ ಚುಕ್ತಾ ಮಾಡಿದರು. ಮದುವೆಯ ಮುಯ್ಯಿಯಂತೆ ಸಂವಿಧಾನದ 356ನೆಯ ವಿಧಿ ಕೊಟ್ಟು ತೆಗೆದುಕೊಳ್ಳುವ ವಸ್ತುವಾಯಿತು.

ಹಾಗಾದರೆ ಜನರು ಆರಿಸಿದವರು ಏನು ಮಾಡಿದರೂ ಕೋರ್ಟು ಬಾಯಿ ಮುಚ್ಚಿ ಕೂರಬೇಕೇ? ಹಾಗೆಂದು ನಾವು ಹೇಳಿದರೆ ಎಡನೀರಿನ ಎದುರು ನಿಂತು ಮಾತಾಡುವ ಅರ್ಹತೆಯನ್ನೇ ಕಳೆದುಕೊಂಡೇವು. ಕಾಸರಗೋಡು ಪೇಟೆಯಿಂದ ಅನತಿ ದೂರದಲ್ಲಿರುವ ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳವರು ಮಠದ ಜಮೀನಿನ ಸಂಬಂಧ 1970ರಲ್ಲಿ ಹೂಡಿದ ಮೊಕದ್ದಮೆ 1973ರ ಏಪ್ರಿಲ್ 24ರಂದು ತೀರ್ಮಾನವಾಯಿತು. ಹದಿಮೂರು ಮಂದಿ ನ್ಯಾಯಾಧೀಶರಲ್ಲಿ ಏಳು ಮಂದಿ ಒಂದು ಕಡೆ, ಆರು ಮಂದಿ ಇನ್ನೊಂದು ಕಡೆ. ಪಾರ್ಲಿಮೆಂಟು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದಾಯಿತು. ಎಷ್ಟೇ ದೊಡ್ಡ ಬಹುಮತವಿದ್ದರೂ ದಾಟಲಾಗದ ಗೆರೆಯೊಂದನ್ನು ಎಳೆದಂತಾಯಿತು. ಮಠಕ್ಕೆ ಭೂಮಿ ಮರಳಲಿಲ್ಲ. ಮೊಕದ್ದಮೆ ಹೂಡಿದವರಿಗೆ ಹೆಸರು ಉಳಿಯಿತು, ಲಾಭ ದೇಶಕ್ಕಾಯಿತು.

ಯಾವ ಲಾಭ? ಎರಡೇ ವರ್ಷಗಳಲ್ಲಿ ಅದು ಕಂಡಿತು. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟು ಪ್ರಧಾನಿಯ ಚುನಾವಣೆಯನ್ನು ರದ್ದುಮಾಡಿತು. ರಾಯ್‌ಬರೇಲಿಯ ಜನರು ಒಂದು ಲಕ್ಷಕ್ಕೂ ಮಿಕ್ಕಿದ ಅಂತರದಿಂದ ಗೆಲ್ಲಿಸಿದ್ದನ್ನು ಒಬ್ಬ ನ್ಯಾಯಾಧೀಶ ರದ್ದುಮಾಡುವುದು ಸರಿಯೇ ಎಂದು ಆಗ ಕೇಳಿದವರಿದ್ದರು, ಇಂದಿಗೂ ಕೇಳುವವರಿದ್ದಾರೆ. ಪ್ರಶ್ನೆ ಸುಲಭದ್ದಲ್ಲವೆಂದು ನಾವು ಒಪ್ಪುತ್ತೇವೆ. ಆದರೆ ಅದಕ್ಕೆ ಸರಕಾರ ಕೊಟ್ಟ ಉತ್ತರ ಮಾತ್ರ ಖಂಡಿತ ತಪ್ಪು. ಸಂವಿಧಾನಕ್ಕೆ 39ನೆಯ ತಿದ್ದುಪಡಿ ತಂದು, ಪ್ರಧಾನಿಯ ಚುನಾವಣೆಯನ್ನು ಯಾವ ಕೋರ್ಟೂ ವಿಚಾರಿಸುವಂತಿಲ್ಲವೆಂದು ಬರೆದರು. ವಿರೋಧ ಪಕ್ಷದವರು ಜೈಲಿನಲ್ಲಿದ್ದ ಹೊತ್ತು. ಅದೇ ವರ್ಷ ನವೆಂಬರ್ 7ರಂದು ಸುಪ್ರೀಂ ಕೋರ್ಟು, ಎಡನೀರು ತೀರ್ಪಿನ ಆಧಾರದ ಮೇಲೆ ಆ ವಿಧಿಯನ್ನು ಹೊಡೆದುಹಾಕಿತು. ನಿರ್ಮಲವಾದ ಚುನಾವಣೆಯೂ ಸಂವಿಧಾನದ ಮೂಲ ಸ್ವರೂಪದ ಭಾಗವೆಂದಿತು. ಇಂದಿರಾ ಗಾಂಧಿಯವರ ಚುನಾವಣೆಯನ್ನು ಬೇರೆ ಕಾರಣಗಳಿಂದ ಎತ್ತಿಹಿಡಿಯಿತೆಂಬುದೂ ಸತ್ಯವೇ.

ನಮ್ಮ ಅಭಿಪ್ರಾಯದಲ್ಲಿ ಇಲ್ಲಿ ಎರಡು ಸಂಗತಿಗಳನ್ನು ಕಲಸಬಾರದು. ಜನರು ಆರಿಸಿದವರು ಇಂತಹ ಕೆಲಸ ಮಾಡಕೂಡದು ಎಂದು ಕೋರ್ಟು ಹೇಳಿದರೆ ಅದು ಮತದಾರನಿಗೆ ಅವಮಾನವಲ್ಲ. ಮತ ಕೊಟ್ಟವನ ಕುತ್ತಿಗೆಯನ್ನೇ ಹಿಡಿಯುವ ಅಧಿಕಾರವನ್ನು ಅವನು ಯಾರಿಗೂ ಕೊಟ್ಟಿರುವುದಿಲ್ಲ. ಜನರು ಆರಿಸಿದವರು ಕುಳಿತುಕೊಳ್ಳಲೇಕೂಡದು ಎಂದು ಹೇಳುವುದು ಬೇರೆ. 1973ರಲ್ಲಿ ನಡೆದುದು ಮೊದಲನೆಯದು. 1965ರಲ್ಲಿ ನಡೆದುದು ಎರಡನೆಯದು. ಎರಡನೆಯದಕ್ಕೆ ಕಳ್ಳ ಮತ, ಲಂಚ, ಬೆದರಿಕೆಯಂತಹ ರುಜುವಾತಾದ ಕಾರಣ ಬೇಕು. ಯಾರಿಗೂ ಬಹುಮತವಿಲ್ಲವೆಂಬುದು ಮತದಾರನ ಅಪರಾಧವಲ್ಲ. ಊರಿನವರು ಒಂದೇ ಮನಸ್ಸಿನವರಲ್ಲ ಎಂಬುದಷ್ಟೇ ಅದರ ಅರ್ಥ. ಒಂದೇ ತೋಟದ ಅಡಿಕೆಯ ರೇಟಿನ ಬಗೆಗೆ ಅಣ್ಣ ತಮ್ಮಂದಿರೇ ಒಪ್ಪದ ನಾಡಿನಲ್ಲಿ ಒಂದು ರಾಜ್ಯದ ಜನರೆಲ್ಲ ಒಪ್ಪಬೇಕೆನ್ನುವುದು ಯಾವ ನ್ಯಾಯ?

ಸುಪ್ರೀಂ ಕೋರ್ಟು ಈ ದಾರಿಗೆ ಬಂದುದು ತಡವಾಗಿ. ಅದಕ್ಕೆ ನಿಮಿತ್ತವಾದುದು ಕರ್ನಾಟಕ. 1989ರ ಏಪ್ರಿಲ್ 21ರಂದು ಎಸ್.ಆರ್. ಬೊಮ್ಮಾಯಿಯವರ ಮಂತ್ರಿಮಂಡಲವನ್ನು ವಜಾ ಮಾಡಿದಾಗ ಆಧಾರವಾಗಿದ್ದುದು 19 ಶಾಸಕರ ಸಹಿಯಿದ್ದ ಪತ್ರಗಳು. ಅವರಲ್ಲಿ ಕೆಲವರು ಮರುದಿನವೇ ತಮ್ಮ ಮಾತನ್ನು ಹಿಂತೆಗೆದುಕೊಂಡರು. ವಿಧಾನಸಭೆ ಕರೆಯಿರಿ, ಅಲ್ಲಿಯೇ ತೋರಿಸುತ್ತೇನೆ ಎಂದು ಬೊಮ್ಮಾಯಿಯವರು ಬೇಡಿಕೊಂಡರೂ ರಾಜ್ಯಪಾಲರು ಕೇಳಲಿಲ್ಲ. ಕರ್ನಾಟಕ ಹೈಕೋರ್ಟಿನಲ್ಲಿ ಸೋತ ಮೊಕದ್ದಮೆ 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಾಧೀಶರ ಪೀಠದಲ್ಲಿ ಗೆದ್ದಿತು. ಬಹುಮತವನ್ನು ತೂಗುವ ತಕ್ಕಡಿ ಸಭೆಯೊಳಗಿದೆ, ರಾಜಭವನದಲ್ಲಿಲ್ಲ ಎಂದಾಯಿತು. 2018ರ ಮೇ ತಿಂಗಳಲ್ಲಿ ಅದೇ ಕರ್ನಾಟಕದಲ್ಲಿ ರಾಜ್ಯಪಾಲರು ಯಡಿಯೂರಪ್ಪನವರಿಗೆ ಬಹುಮತ ತೋರಿಸಲು 15 ದಿನ ಕೊಟ್ಟಾಗ ಕೋರ್ಟು ಮರುದಿನವೇ ಸಭೆಯಲ್ಲಿ ತೋರಿಸಿರೆಂದು ಆಜ್ಞಾಪಿಸಿದುದು ಬೊಮ್ಮಾಯಿ ತೀರ್ಪಿನ ಫಲ.

ಆದರೆ 1989ರಲ್ಲಿ ವಜಾ ಆದ ಸರಕಾರ ಮರಳಿ ಬಂತೇ? ಇಲ್ಲ. ತೀರ್ಪು ಬರುವಷ್ಟರಲ್ಲಿ ಐದು ವರ್ಷ ಕಳೆದಿತ್ತು, ಬೇರೆ ಚುನಾವಣೆ ನಡೆದು ಬೇರೆ ಸರಕಾರ ಬಂದಿತ್ತು. 2005ರ ಬಿಹಾರದ ಕಥೆಯಂತೂ ನಮ್ಮ 1965ರ ಮರು ಅಚ್ಚು. ಅಲ್ಲಿಯೂ ಫೆಬ್ರವರಿಯ ಚುನಾವಣೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಅಲ್ಲಿಯೂ ಸಭೆ ಒಮ್ಮೆಯೂ ಕೂಡಲಿಲ್ಲ. ಯಾರೋ ಕೂಡಿ ಸರಕಾರ ಮಾಡುವ ಸೂಚನೆ ಕಂಡೊಡನೆ ರಾಜ್ಯಪಾಲ ಬೂಟಾ ಸಿಂಗರು ಶಾಸಕರ ವ್ಯಾಪಾರ ನಡೆಯುತ್ತಿದೆಯೆಂದು ವರದಿ ಮಾಡಿದರು. ಮೇ 23ರಂದು ಸಭೆ ವಿಸರ್ಜನೆಯಾಯಿತು. ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಆಗ ಮಾಸ್ಕೋದಲ್ಲಿದ್ದರು, ಸಹಿಯ ಕಾಗದ ಅಲ್ಲಿಗೇ ಹೋಯಿತು. ಇದು ಸಂವಿಧಾನಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟು ಅಕ್ಟೋಬರಿನಲ್ಲಿ ಸಾರಿತು, 2006ರ ಜನವರಿಯಲ್ಲಿ ಕಾರಣಗಳನ್ನು ವಿವರಿಸಿತು. ರಾಜ್ಯಪಾಲರು ರಾಜೀನಾಮೆ ಕೊಟ್ಟು ಹೋದರು. ಆದರೆ ಮರು ಚುನಾವಣೆಯ ಸಿದ್ಧತೆ ಆಗಿಹೋಗಿದೆಯೆಂದು ಹಳೆಯ ಸಭೆಯನ್ನು ಜೀವಂತ ಮಾಡಲಿಲ್ಲ. ಎಲೆ ಹಾಕಿ ಕೂರಿಸಿ, ಬಡಿಸುವ ಮೊದಲೇ ಎಬ್ಬಿಸಿದ್ದು ತಪ್ಪು ಎಂದು ಒಪ್ಪಿಕೊಂಡು, ಹಸಿದವನನ್ನು ಮುಂದಿನ ಊಟಕ್ಕೆ ಬನ್ನಿ ಎಂದು ಕಳುಹಿಸಿದಂತಾಯಿತು. ಮೊದಲ ಸಭೆಯ ಅಧಿವೇಶನಕ್ಕೆ ಮುನ್ನ ವಿಸರ್ಜಿಸಬಹುದೆಂಬ ಕೆ.ಕೆ. ಅಬು ಮೊಕದ್ದಮೆಯ ನಿಯಮ ಮಾತ್ರ ಆ ತೀರ್ಪಿನಲ್ಲಿಯೂ ಅಳಿಯದೆ ಉಳಿದುಕೊಂಡಿತು. 2016ರಲ್ಲಿ ಅರುಣಾಚಲ ಪ್ರದೇಶದ ಸರಕಾರವನ್ನು ಕೋರ್ಟು ಮರಳಿ ಕೂರಿಸಿದ್ದುಂಟು. ಅದು ಅಪರೂಪ.

ಕೋರ್ಟಿನ ತಡ ಎಂದರೇನೆಂಬುದನ್ನು ಮಂಜೇಶ್ವರದವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. 2016ರ ಚುನಾವಣೆಯಲ್ಲಿ ಮುಸ್ಲಿಂ ಲೀಗಿನ ಪಿ.ಬಿ. ಅಬ್ದುಲ್ ರಜಾಕ್ ಅವರು ಬಿ.ಜೆ.ಪಿ.ಯ ಕೆ. ಸುರೇಂದ್ರನ್ ಅವರನ್ನು 89 ಮತಗಳಿಂದ ಸೋಲಿಸಿದರು. ಸತ್ತವರ, ಊರಿನಲ್ಲಿಲ್ಲದವರ ಹೆಸರಿನಲ್ಲಿ ಮತ ಬಿದ್ದಿದೆಯೆಂದು ಸೋತವರು ಹೈಕೋರ್ಟಿಗೆ ಹೋದರು. ಹೋಗುವುದು ಅವರ ಹಕ್ಕು. ಚುನಾವಣಾ ತಕರಾರನ್ನು ಆರು ತಿಂಗಳೊಳಗೆ ಮುಗಿಸಲು ಯತ್ನಿಸಬೇಕೆಂದು ಕಾನೂನು ಹೇಳುತ್ತದೆ. ಎರಡು ವರ್ಷ ದಾಟಿತು. 2018ರ ಅಕ್ಟೋಬರಿನಲ್ಲಿ ಶಾಸಕರು ತೀರಿಕೊಂಡರು; ಮೊಕದ್ದಮೆ ತೀರಲಿಲ್ಲ. ತೆರವಾದ ಸ್ಥಾನವನ್ನು ಆರು ತಿಂಗಳಲ್ಲಿ ತುಂಬಬೇಕೆಂಬುದೂ ಕಾನೂನೇ. ಆದರೆ ಮೊಕದ್ದಮೆ ಇರುವಾಗ ಉಪಚುನಾವಣೆ ಹೇಗೆ? 2019ರಲ್ಲಿ ಅರ್ಜಿ ಹಿಂತೆಗೆದುಕೊಂಡ ಮೇಲೆ, ಅಕ್ಟೋಬರ್ 21ರಂದು ಉಪಚುನಾವಣೆ ನಡೆಯಿತು. ಸರಿಸುಮಾರು ಒಂದು ವರ್ಷ ಮಂಜೇಶ್ವರಕ್ಕೆ ಶಾಸಕನಿರಲಿಲ್ಲ. ಆ 89 ಮತಗಳು ಸಾಚಾವೋ ಖೋಟಾವೋ ಎಂಬ ಮೂಲ ಪ್ರಶ್ನೆಗೆ ಕೋರ್ಟಿನಿಂದ ಉತ್ತರವೂ ಬರಲಿಲ್ಲ. ಗೆದ್ದವರ ಕಡೆಯವರಿಗೂ ಅದು ಅನ್ಯಾಯ, ಸೋತವರ ಕಡೆಯವರಿಗೂ ಅನ್ಯಾಯ. ಈ ಕ್ಷೇತ್ರದಲ್ಲಿ ಕನ್ನಡದಲ್ಲಿ ಅರ್ಜಿ ಬರೆದು ಕೊಡುವ ರೈತನಿಗೆ, ಮಲಯಾಳಂ ಓದಲು ಬಾರದ ಮುದುಕಿಗೆ, ಕಚೇರಿಯ ಬಾಗಿಲಲ್ಲಿ ತನ್ನ ಪರವಾಗಿ ಮಾತಾಡಲು ಶಾಸಕನೊಬ್ಬ ಇರುವುದು ಬೇರೆ ಕ್ಷೇತ್ರಗಳಿಗಿಂತ ಹೆಚ್ಚು ಅಗತ್ಯ. ಒಂದು ವರ್ಷ ಅವರು ಯಾರ ಬಳಿಗೆ ಹೋಗಬೇಕಿತ್ತು?

ಪರಿಹಾರ ದೊಡ್ಡ ಸಂಗತಿಯೇನಲ್ಲ. ಗೆದ್ದವರ ಹೆಸರಿನ ಅಧಿಸೂಚನೆ ಹೊರಟ ದಿನದಿಂದ ಇಂತಿಷ್ಟು ದಿನಗಳೊಳಗೆ, ಎರಡು ವಾರವೆನ್ನೋಣ, ಸಭೆ ಕೂಡಲೇಬೇಕು, ಪ್ರಮಾಣವಚನ ಆಗಲೇಬೇಕು ಎಂದು ಸಂವಿಧಾನದಲ್ಲಿ ಒಂದು ಸಾಲು ಸೇರಿಸಿದರೆ 1965 ಮತ್ತು 2005 ಮರುಕಳಿಸಲಾರವು. ಯಾರಿಗೂ ಬಹುಮತವಿಲ್ಲದಾಗ ರಾಜ್ಯಪಾಲರು ಯಾರನ್ನು ಮೊದಲು ಕರೆಯಬೇಕೆಂಬ ಕ್ರಮವನ್ನು ಸರಕಾರಿಯಾ ಆಯೋಗ 1988ರಲ್ಲಿಯೇ ಬರೆದುಕೊಟ್ಟಿದೆ. ಅದನ್ನು ಶಿಫಾರಸಾಗಿ ಬಿಡದೆ ಕಾನೂನು ಮಾಡಬೇಕು. ಚುನಾವಣಾ ತಕರಾರುಗಳ ಆರು ತಿಂಗಳ ಗಡುವಿನಲ್ಲಿರುವ ಯತ್ನಿಸಬೇಕು ಎಂಬ ಸಡಿಲ ಮಾತನ್ನು ತೆಗೆದು, ಮುಗಿಸಬೇಕು ಎಂದು ಬರೆಯಬೇಕು. ಅದಕ್ಕೆ ಬೇಕಾದ ನ್ಯಾಯಾಧೀಶರನ್ನು ಬೇರೆಯಾಗಿಯೇ ನೇಮಿಸಬೇಕು. ಇವುಗಳಲ್ಲಿ ಯಾವುದಕ್ಕೂ ಯಾವ ಪಕ್ಷದ ಸಿದ್ಧಾಂತವೂ ಅಡ್ಡಬರುವುದಿಲ್ಲ. ಅಧಿಕಾರದಲ್ಲಿದ್ದಾಗ ಬೇಡವೆನಿಸುವುದು, ವಿರೋಧದಲ್ಲಿ ಕುಳಿತಾಗ ಬೇಕೆನಿಸುವುದು ಮಾತ್ರ ಇವಕ್ಕಿರುವ ಅಡ್ಡಿ.

ಕೇರಳ ಸರಕಾರ ತಾನೇ ಮಾಡಬಹುದಾದ ಒಂದು ಸಣ್ಣ ಕೆಲಸವೂ ಇದೆ. ರಾಜ್ಯದ ವಿಧಾನಸಭೆಗಳಿಗೆ ಕ್ರಮಸಂಖ್ಯೆ ಹಾಕುವ ಪದ್ಧತಿಯಿದೆ. 1957ರದು ಮೊದಲನೆಯ ಸಭೆ, 1960ರದು ಎರಡನೆಯದು, 1967ರದು ಮೂರನೆಯದು. 1965ರ ಸಭೆಗೆ ಸಂಖ್ಯೆಯಿಲ್ಲ. ಮತ ಹಾಕಿದ ಲಕ್ಷಾಂತರ ಮಂದಿಯಲ್ಲಿ ಬಹುಪಾಲು ಜನರು ಈಗಿಲ್ಲ. ಆಗ ಮೊದಲ ಸಲ ಮತ ಹಾಕಿದ 21 ವರ್ಷದ ತರುಣರು ಎಂಬತ್ತು ದಾಟಿದ್ದಾರೆ. ಅವರು ಇರುವಾಗಲೇ ಎರಡನೆಯ ಸಭೆಗೂ ಮೂರನೆಯ ಸಭೆಗೂ ನಡುವೆ ಒಂದು ಪುಟ ತೆರೆದು, ಮಂಜೇಶ್ವರದಿಂದ ಮೊದಲ್ಗೊಂಡು ಆ 133 ಕ್ಷೇತ್ರಗಳಿಂದ ಆರಿಸಿ ಬಂದವರ ಹೆಸರುಗಳನ್ನು ಸಭೆಯ ಅಧಿಕೃತ ದಾಖಲೆಯಲ್ಲಿ ಅಚ್ಚು ಹಾಕಿಸಲಿ. ಪ್ರಮಾಣವಚನ ಸ್ವೀಕರಿಸಿದ ದಿನಾಂಕದ ಕಾಲಮನ್ನು ಖಾಲಿ ಬಿಡಲಿ.